ನೀರು ಕುಡಿಯದ ಅರಳೆ

ದೇವರಾಜ ಮೊಹಲ್ಲಾದಲ್ಲಿ ನನ್ನದು ಹಾಸಿಗೆ ಅಂಗಡಿ. ತಾತನ ಕಾಲದಿಂದ ಹತ್ತಿಯನ್ನೇ ನಂಬಿದ ಮನೆತನ ನಮ್ಮದು. ಉಣ್ಣುವುದು ಹತ್ತಿಯಿಂದ, ಮಲಗುವುದು ಹತ್ತಿಯ ಮೇಲೆ, ಕೆಮ್ಮುವುದೂ ಹತ್ತಿಯಿಂದಲೇ. ಇಂಥ ಸದಾಶಿವಯ್ಯನಾದ ನಾನು, ನಲವತ್ತು ದಾಟಿದ ಮೇಲೆ ಹುಟ್ಟಿದ ಒಬ್ಬಳೇ ಮಗಳಿಗೆ ರಬ್ಬರ್ ಚಡ್ಡಿ ಕೊಂಡು ತಂದೆ ಎಂದರೆ ನನ್ನ ಬುದ್ಧಿ ಎಷ್ಟರದೆಂದು ನೀವೇ ಊಹಿಸಿಕೊಳ್ಳಬಹುದು.

ಅದು ಐವತ್ತಾರನೆಯ ಇಸವಿಯ ಆಷಾಢ. ಬಿಡದೆ ಜಿನುಗುವ ಮಳೆ. ಮಗಳು ನೀಲಾಂಬಿಕೆಗೆ ಆಗ ಐದು ತಿಂಗಳು. ಅವಳ ಬಟ್ಟೆಗಳು ಒಂದೂ ಒಣಗದೆ ಹಜಾರದಲ್ಲಿ, ಅಡುಗೆಮನೆಯಲ್ಲಿ, ಕಡೆಗೆ ನನ್ನ ಕೊಡೆಯ ಮೇಲೂ ತೂಗಾಡುತ್ತಿದ್ದವು. ಊಟಕ್ಕೆ ಕೂತರೆ ತಟ್ಟೆಯ ಪಕ್ಕಕ್ಕೇ ತೊಟ್ಟಿಕ್ಕುತ್ತಿದ್ದವು. ಆಗ ಪೇಟೆಯ ಅಂಗಡಿಯೊಂದರಲ್ಲಿ ಗುಲಾಬಿ ಬಣ್ಣದ ರಬ್ಬರ್ ಚಡ್ಡಿ ಕಣ್ಣಿಗೆ ಬಿತ್ತು. ಒಳಗಿನ ಬಟ್ಟೆ ಒದ್ದೆಯಾದರೂ ಹೊರಗೆ ಹನಿ ಬರುವುದಿಲ್ಲ ಎಂದ ಅಂಗಡಿಯವನು. ಹೆಂಡತಿ ಗಿರಿಜಾಂಬಾಳ ಮುಂದೆ ಅದನ್ನು ಹಿಡಿದು ನಿಂತಾಗ, ನಾನೇ ಅದನ್ನು ಕಂಡುಹಿಡಿದಷ್ಟು ಗತ್ತು ನನಗೆ.

ಹನಿ ಹೊರಗೆ ಬರಲಿಲ್ಲ, ನಿಜ. ಗಾಳಿಯೂ ಒಳಗೆ ಹೋಗಲಿಲ್ಲ. ವಾರದೊಳಗೆ ಮಗುವಿನ ತೊಡೆಸಂದಿ ಕೆಂಪಗೆ ಬೆಂದುಹೋಯಿತು. ಮುಟ್ಟಿದರೆ ಚೀರುತ್ತಿತ್ತು. ಆ ಅಳು ಕೇಳಿ ನನಗೆ ಅನ್ನ ಇಳಿಯಲಿಲ್ಲ. ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಏನು ಕೆಲಸ ಮಾಡ್ತೀರಿ ನೀವು?"

"ಹತ್ತಿ ವ್ಯಾಪಾರ," ಎಂದೆ.

ಅವರು ನನ್ನನ್ನೂ ಚಡ್ಡಿಯನ್ನೂ ಒಂದೊಂದು ಸಲ ನೋಡಿ, "ಹತ್ತೀನೇ ಹಾಕಿ. ಚರ್ಮಕ್ಕೆ ಗಾಳಿಯಾಡ್ಬೇಕು," ಎಂದು ಮುಲಾಮು ಬರೆದುಕೊಟ್ಟರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ನನ್ನೊಳಗಿನ ಹತ್ತಿ ಪಂಡಿತ ಎದ್ದು ಕೂತ. ಬರೀ ಬಟ್ಟೆ ಯಾರು ಬೇಕಾದರೂ ಸುತ್ತುತ್ತಾರೆ. ನಾನು ಒಳಗೆ ಅರಳೆ ತುಂಬಿದ ಮೆತ್ತನೆಯ ಲಂಗೋಟಿ ಮಾಡುತ್ತೇನೆ ಎಂದುಕೊಂಡೆ. ಅಂಗಡಿಯಲ್ಲಿ ಎಲ್ಲಕ್ಕಿಂತ ನುಣುಪಾದದ್ದು ಬೂರುಗದ ಅರಳೆ. ಬೂರುಗದ ಮರದ ಕಾಯೊಳಗಿಂದ ಬರುವ, ರೇಷ್ಮೆಯಂತೆ ಜಾರುವ, ದಿಂಬಿಗೆ ತುಂಬುವ ಅರಳೆ ಅದು. ತೆಳ್ಳನೆಯ ಮಲ್ಲು ಬಟ್ಟೆಯ ಚೀಲ ಹೊಲಿದು ಅದನ್ನು ತುಂಬಿದೆ. ಇನ್ನೂ ಒಂದು ಲಂಗೋಟಿಯೂ ಒದ್ದೆಯಾಗಿರಲಿಲ್ಲ, ಆಗಲೇ ಎದುರಿಗೆ ಹೂವು ಮಾರುತ್ತಿದ್ದ ಚಾಮುಂಡಮ್ಮನಿಗೆ, "ಇನ್ಮೇಲೆ ಮೈಸೂರಿನ ಮಕ್ಕಳೆಲ್ಲ ಸದಾಶಿವ ಶಿಶುವಸ್ತ್ರ ಹಾಕ್ಕೋತಾರೆ ಕಣಮ್ಮ," ಎಂದು ಹೇಳಿಬಿಟ್ಟಿದ್ದೆ.

ಗಿರಿಜಾಂಬಾ ಮಾತ್ರ ಮಗುವನ್ನು ಎದೆಗವಚಿಕೊಂಡು, "ಚಡ್ಡಿ ತಂದಾಗ್ಲೂ ಹಿಂಗೇ ಅಂದ್ರಿ. ಮೊದ್ಲು ನೀವು ಹಾಕ್ಕೊಂಡು ನೋಡಿ. ಚುಚ್ಚದೇ ಇದ್ರೆ ಆಮೇಲೆ ನನ್ನ ಮಗಳಿಗೆ," ಎಂದಳು.

ತಮಾಷೆಗೆ ಹೇಳಿದಳೋ ನಿಜವಾಗಿ ಹೇಳಿದಳೋ ಕೇಳಲಿಲ್ಲ. ನನ್ನ ಅಳತೆಗೆ ಒಂದು ಹೊಲಿದು, ಪಂಚೆಯೊಳಗೆ ಕಟ್ಟಿ, ಪಿನ್ನು ಹಾಕಿಕೊಂಡು ಅಂಗಡಿಗೆ ಹೋದೆ.

"ಇದೇನ್ ಸಾಮಿ, ನಡೆಯೋದು ಬಾತುಕೋಳಿ ಅಂಗಾಗೋಗದಲ್ಲ?" ಎಂದಳು ಚಾಮುಂಡಮ್ಮ.

ಸೊಂಟ ನೋವು ಎಂದೆ. ಗಲ್ಲಾಪೆಟ್ಟಿಗೆಯ ಗಾದಿಯ ಮೇಲೆ ಕೂತರೆ ಸುಖವಾಗಿಯೇ ಇತ್ತು. ಚುಚ್ಚಲಿಲ್ಲ, ಸೆಕೆಯಾಗಲಿಲ್ಲ. ಬೋರ್ಡಿನ ಮೇಲೆ ಮಗುವಿನ ಚಿತ್ರ ಬರೆಸಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಸಿದ್ದಮಲ್ಲಪ್ಪನವರು ಬಂದರು. ಮಠದ ವಿದ್ಯಾರ್ಥಿ ನಿಲಯ ನೋಡಿಕೊಳ್ಳುತ್ತಿದ್ದ ಹಿರಿಯರು. ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನಾನು ದಡಬಡಿಸಿ ಎದ್ದು, ಬಗ್ಗಿ, "ಶರಣು ಸ್ವಾಮಿ," ಎಂದೆ. ಬಗ್ಗಿದ ರಭಸಕ್ಕೆ ಪಿನ್ನು ಬಿಟ್ಟುಕೊಂಡಿತು, ಹೊಲಿಗೆ ಕಿತ್ತಿತು. ಪಂಚೆಯ ಅಂಚಿನಿಂದ ಬೂರುಗದ ಅರಳೆ ಎಳೆಎಳೆಯಾಗಿ ಹೊರಟು, ಗಾಳಿಗೆ ತೇಲಿ, ಅವರ ವಿಭೂತಿಯ ಹಣೆಯ ಮೇಲೆ ಹೋಗಿ ಕೂತಿತು.

ಅವರು ಅದನ್ನು ತೆಗೆದು ನೋಡಿದರು. "ಸದಾಶಿವಯ್ಯ, ನಿಮ್ಮ ಸರಕು ಸೋರ್ತಾ ಇದೆ."

ಮಠದವರ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ಚಡ್ಡಿಯಿಂದ ಹಿಡಿದು ಪಿನ್ನಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಚುಚ್ಚೋದು ಬಿಡೋದು ಆಮೇಲಾಯ್ತು. ನೀರು ಹೀರುತ್ತೋ?" ಎಂದರು.

ಅದನ್ನು ಮಾತ್ರ ನಾನು ನೋಡಿರಲಿಲ್ಲ.

ಮಗುವಿಗೆಂದು ಹೊಲಿದಿದ್ದ ಲಂಗೋಟಿಯನ್ನು ಅಂಗಡಿಯ ಸೂರಿನಡಿಯ ಮೆಟ್ಟಿಲ ಮೇಲೆ ಹರವಿದೆವು. ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ಚೊಂಬಿನಿಂದ ಧಾರೆಯಾಗಿ ನೀರು ಬಿಟ್ಟೆ. ಮೇಲಿನ ಬಟ್ಟೆ ಒದ್ದೆಯಾಯಿತು, ಅಷ್ಟೆ. ಉಳಿದ ನೀರೆಲ್ಲ ಕೆಸುವಿನ ಎಲೆಯ ಮೇಲಿಂದ ಜಾರುವಂತೆ ಪಕ್ಕಕ್ಕೆ ಹರಿದು ಸಿದ್ದಮಲ್ಲಪ್ಪನವರ ಪಾದ ತೊಳೆಯಿತು. ಬಿಚ್ಚಿ ನೋಡಿದರೆ ಒಳಗಿನ ಅರಳೆ ಒಣಗಿಕೊಂಡೇ ಇತ್ತು. ಸರಿ, ಬೂರುಗ ಬೇಡ, ನಮ್ಮ ಹತ್ತಿ ಇದೆಯಲ್ಲ ಎಂದು ಹೊಸ ಹತ್ತಿಯ ಹಿಡಿಯೊಂದನ್ನು ಬಕೆಟ್ಟಿಗೆ ಹಾಕಿದೆ. ಅದರ ಜಿಡ್ಡು ಹೋಗಿರಲಿಲ್ಲ, ಹಾಯಾಗಿ ತೇಲಿತು. ಮೂರು ತಲೆಮಾರು ಹತ್ತಿ ಮಾರಿದ ಮನೆಯವನಿಗೆ, ಜಿಡ್ಡು ತೆಗೆಯದ ಹತ್ತಿ ನೀರು ಕುಡಿಯುವುದಿಲ್ಲ ಎಂಬುದು ಅರ್ಧ ಬೀದಿಯ ಜನರ ಮುಂದೆ ಗೊತ್ತಾಯಿತು.

"ಅಯ್ಯೋ, ಓಗ್ಲಿ ಬುಡಿ ಸಾಮಿ, ಮಗಾ ಈಜು ಕಲೀತದೆ," ಎಂದಳು ಚಾಮುಂಡಮ್ಮ.

ಮುಖ ತಪ್ಪಿಸಿಕೊಳ್ಳಲು, ಗಲ್ಲಾಪೆಟ್ಟಿಗೆ ಒರೆಸುವ ಬಟ್ಟೆ ತಂದು ಮೆಟ್ಟಿಲು ಒರೆಸತೊಡಗಿದೆ. ನನ್ನ ಹಳೆಯ ಪಂಚೆಯ ತುಂಡು ಅದು, ಎಷ್ಟು ಸಲ ಒಗೆದದ್ದೋ ಲೆಕ್ಕವಿಲ್ಲ. ಹಾಕಿದ ಕಡೆಯೆಲ್ಲ ನೀರು ಅದರೊಳಗೆ ಏರಿ ಮೆಟ್ಟಿಲು ಒಣಗಿತು. ಸಿದ್ದಮಲ್ಲಪ್ಪನವರು ಬಟ್ಟೆ ನೋಡಿದರು, ನನ್ನನ್ನು ನೋಡಿದರು. ನಾನೂ ಬಟ್ಟೆಯನ್ನು ನೋಡಿದೆ. ಮಗುವಿಗೆ ಬೇಕಾದದ್ದು ಕೈಯಲ್ಲೇ ಇತ್ತು.

ಆಮೇಲೆ ಅವರು ಬೂರುಗದ ಅರಳೆಯನ್ನು ಬೆರಳಲ್ಲಿ ಉಜ್ಜುತ್ತ, ತಗ್ಗಿದ ದನಿಯಲ್ಲಿ ಕೇಳಿದರು: "ಇದು ಹಿಂಗೇ ಇರುತ್ತೋ? ನೀರು ಬಿದ್ರೆ ಜಾರಿ ಹೋಗುತ್ತೋ?"

"ಹೌದು ಸ್ವಾಮಿ, ನೀವೇ ನೋಡಿದ್ರಲ್ಲ."

"ನಮ್ಮಲ್ಲಿ ಸಣ್ಣ ಹುಡುಗ್ರು ತುಂಬಾ ಇದಾರೆ. ತಾಯೀನ ಬಿಟ್ಟು ಬಂದವು, ನಿದ್ದೇಲಿ ಹಾಸಿಗೆ ಒದ್ದೆ ಮಾಡ್ಕೋತವೆ. ಬಳಸಿ ಹಳೇದಾದ ಹತ್ತಿ ಹಾಸಿಗೆ, ಒಣಗೋದೇ ಇಲ್ಲ. ಅವರ ಹಾಸಿಗೆಗೆಲ್ಲ ಇದೇ ತುಂಬಿಕೊಡಿ." ಹೇಳಿ ಮುಗಿಸುವಷ್ಟರಲ್ಲಿ ಅವರ ಹೊಟ್ಟೆ ಅಲುಗತೊಡಗಿತು. ನಕ್ಕೇ ನಕ್ಕರು. ಕೊಡೆ ಬಿಚ್ಚಿಕೊಂಡು ಮೂಲೆ ತಿರುಗುವವರೆಗೂ ಆ ನಗು ಕೇಳಿಸುತ್ತಿತ್ತು.

ಮನೆಗೆ ಹೋಗಿ ನನ್ನ ಹಳೆಯ ಪಂಚೆಗಳನ್ನೆಲ್ಲ ಹೊರಗೆ ಎಳೆದೆ. ಗಂಡ ಹೆಂಡತಿ ಇಬ್ಬರೂ ಕೂತು ಹರಿದೆವು. ಗಿರಿಜಾಂಬಾ ಅವನ್ನು ಕುದಿಸಿ, ಹಿಂಡಿ, "ಬಟ್ಟೆಗೇನೂ ಬರ ಇಲ್ಲ ಕಣ್ರೀ. ಒಣಗಿಸೋದೆಲ್ಲಿ ಹೇಳಿ?" ಎಂದಳು.

ಇಡೀ ಮೊಹಲ್ಲಾದಲ್ಲಿ ಬೆಚ್ಚಗೆ ಒಣಗಿರುವ ಜಾಗ ಒಂದೇ: ನನ್ನ ಹತ್ತಿ ಗೋದಾಮು. ಅದರ ಹಿಂದಿನ ಗೋಡೆಗೆ ಆಚೆ ಕಡೆಯಿಂದ ಬೇಕರಿಯ ಒಲೆ ಅಂಟಿಕೊಂಡಿದೆ. ಒದ್ದೆ ಕಾಲಲ್ಲಿ ಒಳಗೆ ಬಂದ ಆಳುಗಳನ್ನು ಬೈದು ಅಟ್ಟುತ್ತಿದ್ದ ನಾನು, ಮಾರನೆಯ ದಿನ ನಾನೇ ಸ್ಟೂಲು ಹತ್ತಿ ಆ ಗೋಡೆಯುದ್ದಕ್ಕೂ ಹಗ್ಗ ಕಟ್ಟಿದೆ. ಬೆಳಿಗ್ಗೆ ಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿ. ಒದ್ದೆಯಾದ ಕೂಡಲೇ ಬದಲಾಯಿಸುತ್ತ ಬಂದೆವು. ಮಗುವಿನ ಚರ್ಮ ಮೆಲ್ಲಗೆ ತಿಳಿಯಾಯಿತು, ಅಳು ನಿಂತಿತು, ನನಗೂ ಅನ್ನ ಇಳಿಯಿತು.

ದಿಂಬು ಕೊಳ್ಳಲು ಬಂದ ಬೆಟ್ಟಮ್ಮ ಎಂಬಾಕೆ ಹಗ್ಗ ನೋಡಿ, ತನ್ನ ಮೊಮ್ಮಗುವಿನವೂ ನಾಲ್ಕು ಹಾಕಬಹುದೇ ಎಂದು ಕೇಳಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಶ್ರಾವಣದ ಹೊತ್ತಿಗೆ ಗೋದಾಮಿನಲ್ಲಿ ಹಗ್ಗದ ಮೇಲೆ ಹಗ್ಗ. ಮೈಸೂರಿನ ಮಕ್ಕಳಿಗೆಲ್ಲ ಶಿಶುವಸ್ತ್ರ ತೊಡಿಸಲು ಹೊರಟವನು, ಮೊಹಲ್ಲಾದ ಲಂಗೋಟಿಗಳಿಗೆ ಕಾವಲುಗಾರನಾದೆ. ಹಾಸಿಗೆ ಕೇಳಲು ಬಂದವರನ್ನು ನಿಲ್ಲಿಸಿ, "ಸ್ವಲ್ಪ ಇರಿ," ಎಂದು ಒಳಗೆ ಹೋಗಿ ಬಟ್ಟೆ ಮಗುಚಿಹಾಕಿ ಬರುತ್ತಿದ್ದೆ.

ಒಂದು ದಿನ ಬೆಟ್ಟಮ್ಮ ಕೈಯಲ್ಲೊಂದು ಬಟ್ಟೆ ಹಿಡಿದು ಜಗಳಕ್ಕೇ ಬಂದಳು. "ಇದು ನಮ್ಮದಲ್ಲ ಕಣ್ರೀ! ನಮ್ಮದು ಇದಕ್ಕಿಂತ ಮೆತ್ತಗಿತ್ತು. ಯಾರಿಗೆ ಕೊಟ್ಬುಟ್ರಿ?"

ನಾನು ಗಾದಿಯಿಂದ ಇಳಿದು, ಕನ್ನಡಕ ಏರಿಸಿಕೊಂಡು, ಅವಳ ಮೊಮ್ಮಗುವಿನ ಲಂಗೋಟಿ ಹುಡುಕಲು ಒಳಗೆ ಹೋದೆ.