ಸಿಹಿಯಾ, ಉಪ್ಪಾ?

"ನೆಕ್ಕಿ ಹೇಳು ಬೇವರ್ಸಿ, ಸಿಹಿಯಾ ಉಪ್ಪಾ? ಬಂಗುಡೆ ಕೊಳೀತಾ ಉಂಟು ಅಲ್ಲಿ!"

ಲಾರಿಯಡಿ ಅಂಗಾತ ಮಲಗಿದ್ದ ಮೆಕ್ಯಾನಿಕ್ ಶೀನಪ್ಪನಿಗೆ ಧಣಿ ಮೋಹನದಾಸರ ಬಿಳಿ ಚಪ್ಪಲಿ ಮಾತ್ರ ಕಾಣುತ್ತಿತ್ತು. ಕೂಳೂರು ಸೇತುವೆಯ ಬಳಿಯ ಆ ಶೆಡ್ಡಿನ ನೆಲ ಇಳಿಜಾರು. ಮೂತಿ ಕೆಳಗಾಗಿ ನಿಲ್ಲಿಸಿದ ಮೀನಿನ ಲಾರಿಯಿಂದ ಐಸು ಕರಗಿದ ನೀರು ಹರಿದು ಬಂದು ಎಂಜಿನ್ನಿನ ಅಡಿಯಲ್ಲೇ ತೊಟ್ಟಿಕ್ಕುತ್ತದೆ. ಎಂಜಿನ್ ತಂಪಿಡುವ ರೇಡಿಯೇಟರಿನ ಹಸಿರು ಕೂಲೆಂಟ್ ಸೋರಿದರೂ ಅಲ್ಲೇ. ಸಿಹಿಯಾದರೆ ಕೂಲೆಂಟ್, ಉಪ್ಪಾದರೆ ಮೀನಿನ ನೀರು. ಅದನ್ನು ತಿಳಿಯಲು ಹತ್ತೊಂಬತ್ತು ವರ್ಷದಿಂದ ಧಣಿಯ ಬಳಿ ಇದ್ದ ಉಪಕರಣ ಒಂದೇ, ಶೀನಪ್ಪನ ನಾಲಿಗೆ.

"ನೆಕ್ಕುವುದು ಎಂತಕ್ಕೆ ಧಣಿ? ಕೆಳಗಿನ ಹೋಸ್ ಪೈಪಿನ ಬುಡದಲ್ಲಿ ಹಸಿರು ಹುಡಿ ಕಟ್ಟಿದೆ. ಕ್ಲಾಂಪ್ ಸಡಿಲ ಆದದ್ದು. ಬಿಗಿ ಮಾಡಿದ್ರೆ ನಿಲ್ತದೆ."

"ನಿನ್ನ ಕಣ್ಣು ಯಾರಿಗೆ ಬೇಕು? ಸತ್ತ ದನ ತಿಂದ ಜಾತಿ ನಿಮ್ಮದು. ಆ ನಾಲಿಗೆಗೆ ಇದು ಪಾಯಸ ಅಲ್ವಾ?"

ಧಣಿಯ ಮಗ ಕೌಶಲ್ ಕಿಸಕ್ಕೆಂದು ನಕ್ಕು, ಮೊಬೈಲ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ಈ ಲಾರಿ ಹೊಡೆದುಕೊಂಡು ಘಾಟಿ ಹತ್ತಬೇಕಾದ ಡ್ರೈವರ್ ತಮೀಮ್ ನೆಲ ನೋಡಿದ.

ತಪ್ಪು ಶೀನಪ್ಪನದೂ ಇತ್ತು. ಮೊದಲ ಸಲ ಯಾರೂ ಹೇಳದೆಯೇ ಬೆರಳು ಅದ್ದಿ ನಾಲಿಗೆಗಿಟ್ಟು, "ಕೂಲೆಂಟೇ ಧಣಿ" ಎಂದವನು ಅವನೇ. ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ! ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಮರುವಾರ ಅದೇ ಅಪ್ಪಣೆಯಾಯಿತು. ಆಮೇಲೆ ಬೆರಳೂ ಬೇಡವಾಗಿ, ನೇರ ಪೈಪಿಗೇ ನಾಲಿಗೆ ಎಂದಾಯಿತು. ವಿಷ ಎಂದು ಕೂಲೆಂಟಿನ ಡಬ್ಬದ ಮೇಲೇ ಬರೆದಿದೆ. ಕಳೆದ ವರ್ಷ ಒಂದು ದಿನ ಹೆಂಡತಿ ಗುಣವತಿ, "ಸಾರಿಗೆ ಉಪ್ಪೇ ಹಾಕ್ಲಿಲ್ಲ ನಾನು, ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಕೇಳಿದ್ದಳು. ಅಂದಿನಿಂದ ಅವನು ಕಣ್ಣಲ್ಲಿ ನೋಡಿ, ನಾಲಿಗೆಯ ಹೆಸರಲ್ಲಿ ಹೇಳುತ್ತಿದ್ದ.

ಅವನು ಕಣ್ಣು ಮುಚ್ಚಿ ನಾಲಿಗೆ ಚಾಚಿದ. ರುಚಿಯೆಂಬುದು ಇರಲಿಲ್ಲ. ಮೀನಿನ ಕೊಳಕು ನೀರು ಗಲ್ಲದ ಮೇಲಿಂದ ಕಿವಿಯೊಳಗೆ ಇಳಿಯಿತು, ಒಂದು ಹುರುಪೆ ತುಟಿಗೆ ಅಂಟಿತು. ಥೂ, ಇದೂ ಒಂದು ಬಾಳಾ ಎನ್ನಿಸಿತು.

"ಸಿಹಿ, ಧಣಿ."

"ನೋಡು, ಹೇಳ್ಲಿಲ್ವಾ ನಾನು?" ಮೋಹನದಾಸರು ಮಜ್ಜಿಗೆ ಕುಡಿದ ಸ್ಟೀಲ್ ಲೋಟವನ್ನು ಸ್ಟೂಲಿನ ಮೇಲಿಟ್ಟರು. "ಸೋರುವುದು ನೋಡ್ಲಿಕ್ಕೆ ಪಂಪು, ಮೀಟರು ಎಲ್ಲ ದುಡ್ಡು ಕೊಟ್ಟು ತೆಗೀಬೇಕಂತೆ. ಇವನ ನಾಲಿಗೆ ಇರುವಾಗ ಎಂತಕ್ಕೆ?"

"ಪಪ್ಪಾ, ವೀಡಿಯೊ ಸರಿ ಬರ್ಲಿಲ್ಲ. ಏ ಶೀನ, ಇನ್ನೊಮ್ಮೆ ನೆಕ್ಕು. ಈ ಸಲ ಕ್ಯಾಮೆರಾ ನೋಡಿ ನಗಾಡು ಮಾರಾಯ."

ಮಗನ ಪ್ರಾಯದ ಹುಡುಗ. ಶೀನಪ್ಪ ನಿಧಾನಕ್ಕೆ ಲಾರಿಯಡಿಯಿಂದ ಹೊರಗೆ ತೆವಳಿ ಬಂದು ಎದ್ದು ನಿಂತ. ತುಟಿಯ ಹುರುಪೆ ಒರೆಸಿಕೊಂಡ. ಸ್ಟೂಲಿನ ಮೇಲಿದ್ದ ಲೋಟ ಎತ್ತಿಕೊಂಡ. ಅವನಿಗೆ ಚಾ ಬರುವುದು ಪೇಪರ್ ಕಪ್ಪಿನಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಆ ಲೋಟ ಮುಟ್ಟಿದವನಲ್ಲ.

"ಏಯ್! ಇಡು ಅದನ್ನು!"

ಶೀನಪ್ಪ ಬಗ್ಗಿ, ಲೋಟವನ್ನು ಪೈಪಿನಡಿ ಹಿಡಿದು, ಸ್ಕ್ರೂಡ್ರೈವರಿನಿಂದ ಕ್ಲಾಂಪನ್ನು ಬಿಗಿ ಮಾಡುವ ಬದಲು ಇನ್ನಷ್ಟು ಸಡಿಲ ಮಾಡಿದ. ತಣ್ಣಗಿದ್ದ ಹಸಿರು ನೀರು ಚಿಮ್ಮಿ ಲೋಟದ ಕಾಲುಭಾಗ ತುಂಬಿತು. ಅದನ್ನು ತಂದು ಧಣಿಯ ಮುಂದೆ ಹಿಡಿದ.

"ನನ್ನ ನಾಲಿಗೆ ಸತ್ತು ವರ್ಷ ಆಯ್ತು ಧಣಿ. ನಿಮ್ಮದು ಉಂಟಲ್ಲ? ಒಂದು ಬೊಟ್ಟು ಇಟ್ಟು ಹೇಳಿ, ಸಿಹಿಯಾ ಉಪ್ಪಾ? ನೀವು ಹೇಳಿದ ಮೇಲೆ ಕ್ಲಾಂಪ್ ಬಿಗಿ ಮಾಡ್ತೇನೆ."

"ಬೋಳಿಮಗನೇ, ನನ್ನ ಲೋಟ ಮುಟ್ಟಿ..." ಮೋಹನದಾಸರ ಕೈ ಮೇಲೆ ಹೋಯಿತು. "ತಮೀಮ್, ಲಾರಿ ತೆಗಿ! ಇವನಿಲ್ಲದಿದ್ರೆ ಲಾರಿ ಓಡುದಿಲ್ವಾ?"

ತಮೀಮ್ ಕೈಯಲ್ಲಿದ್ದ ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. "ಸೋರುವ ಲಾರಿ ಘಾಟಿ ಹತ್ತುದಿಲ್ಲ ಧಣಿ. ರುಚಿ ನೋಡಿ ಬಿಡಿ. ಮೀನು ಕೊಳೀತಾ ಉಂಟು."

ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಕೌಶಲ್ ಮೊಬೈಲ್ ಇಳಿಸತೊಡಗಿದ.

"ಇಳಿಸ್ಬೇಡಿ ಸಣ್ಣ ಧಣಿ," ಎಂದ ಶೀನಪ್ಪ, ಲೋಟವನ್ನು ಮೋಹನದಾಸರ ಬಾಯಿಯ ಇನ್ನಷ್ಟು ಹತ್ತಿರ ಹಿಡಿದು. "ಈ ಸಲ ಸರಿ ಬರ್ತದೆ."