ದುಪ್ಪಟ್ಟು ಔಷಧ

"ಏ ಸೂಳೆಮಗನ, ನೀರಿಗಿಳ್ಯಾಕ ಮುಹೂರ್ತ ನೋಡ್ತೀಯೇನ್ಲೇ? ಬೀಗರು ದಾರ್ಯಾಗ ಅದಾರ. ಇಳಿ!"

ಸಾವಕಾರ ಮಹಾರುದ್ರಪ್ಪ ಬೈದದ್ದು ಲಾಲಪ್ಪನಿಗೆ, ಮೈ ಉರಿದದ್ದು ಅವನ ಹೆಂಡತಿ ದ್ರೌಪತಿಗೆ. ಕಸಬರಿಗೆ ಎಸೆದು ಗಂಡನ ಪಕ್ಕಕ್ಕೆ ಬಂದು ನಿಂತಳು. ಹುಮನಾಬಾದಿನ ಹೆದ್ದಾರಿಗೆ ಹೊಂದಿ ಸಾವಕಾರ ಕಟ್ಟಿಸಿದ ರೆಸಾರ್ಟಿನ ಈಜುಕೊಳ ಅದು. ಗೋಡೆಗೆಲ್ಲ ಪಾಚಿ ಹತ್ತಿತ್ತು. ಎದೆಮಟ ನೀರಲ್ಲಿ ನಿಂತು ಅದನ್ನು ತಿಕ್ಕುವುದು ಲಾಲಪ್ಪನ ಪಾಲಿನ ಕೆಲಸ.

"ನಿನ್ನಿ ನೀರಾಗಿನ ಲೈಟ್ ಹತ್ರ ಕೈ ಒಯ್ದೆ, ಝುಮ್ ಅಂತ ಹಿಡೀತ್ರಿ," ಅಂದ ಲಾಲಪ್ಪ. "ರಟ್ಟಿ ಇನ್ನೂ ಎತ್ತಾಕ ಬರವಲ್ದು."

"ಕುಡದಿದ್ದು ಇಳದಿಲ್ಲ ನಿನಗ."

ಲಾಲಪ್ಪ ಸೆರೆ ಮೂಸಿಯೂ ನೋಡಿದವನಲ್ಲ. ಆದರೇನು, ಬಡವ ನಡುಗಿದರೆ ಸೆರೆ, ಸಾವಕಾರ ನಡುಗಿದರೆ ಬಿ.ಪಿ.! ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೊಂದು ಮೋಟರ್ ಕೋಣೆಯಲ್ಲಿತ್ತು. ಹೋದ ವಾರ ಅದು ಮೇಲಿಂದ ಮೇಲೆ ಬೀಳತೊಡಗಿತು. 'ಇದರ ನಖರಾ ಸಾಕು' ಎಂದು ಸಾವಕಾರ ಅದನ್ನು ಕೀಳಿಸಿ ನೇರ ವಾಯರ್ ಹಾಕಿಸಿದ. "ಮಂದಿ ಸಾಯ್ತಾರ್ರಿ" ಅಂದ ವಾಯರ್‌ಮನ್ ಖಾಜಾನನ್ನು ಅವತ್ತೇ ಕೆಲಸದಿಂದ ಓಡಿಸಿದ.

"ಮೋಟರ್, ಲೈಟ್ ಎಲ್ಲಾ ಬಂದ್ ಮಾಡ್ಸ್ರಿ, ಇಳೀತಾನ," ಅಂದಳು ದ್ರೌಪತಿ.

"ಮೋಟರ್ ನಿಂತ್ರ ಔಷಧ ಹ್ಯಾಂಗ ಕೂಡ್ತದ?"

ಔಷಧವೆಂದರೆ ಕ್ಲೋರಿನ್ ಪುಡಿ. ನೀರಿಗೆ ತಕ್ಕಷ್ಟು ಹಾಕುವುದು ಊರ ಪದ್ಧತಿ, ಲಾಲಪ್ಪ ಇಳಿದ ದಿನ ದುಪ್ಪಟ್ಟು ಹಾಕುವುದು ಸಾವಕಾರನ ಪದ್ಧತಿ. ಅವನಿನ್ನೂ ನೀರಲ್ಲಿರುವಾಗಲೇ ಮೇಲಿಂದ ಸುರಿಸುತ್ತಿದ್ದ. ಮೋಟರು ತಿರುಗಬೇಕು, ಪುಡಿ ಕರಗಬೇಕು, ಬಸವಕಲ್ಯಾಣದ ಹೊಸ ಬೀಗರು ಬರುವಷ್ಟರಲ್ಲಿ ನೀರು 'ಶುದ್ಧ' ಆಗಬೇಕು. ಲಾಲಪ್ಪನ ಕಣ್ಣು ಕೆಂಡವಾಗಿ, ತೊಡೆಸಂದಿಯ ಚರ್ಮ ಸುಲಿದಿತ್ತು. ಹೊಟ್ಟೆಪಾಡು ಅಂತ ಮತ್ತೆ ಮತ್ತೆ ಇಳಿಯುತ್ತಿದ್ದ.

"ನಿಮ್ಮ ಮಂದಿ ಇಳದ ನೀರಾಗ ಬೀಗರಿಗೆ ಹಂಗಽ ಇಳಸ್ಲೇನಬೇ?" ಅಂದ ಸಾವಕಾರ.

"ಕರೆಂಟ್ ಇಲ್ಲಂತೀರಲ್ರಿ, ಒಂದ್ ಬೆರಳ ಅದ್ದಿ ತೋರಸ್ರಿ."

ಸಾವಕಾರ ಹಿಂದಕ್ಕೆ ಸರಿದ. ದ್ರೌಪತಿ ನೋಡಿದಳು. ಲಾಲಪ್ಪನೂ ನೋಡಿದ.

"ಗೊತ್ತದ ನಿನಗ!" ದ್ರೌಪತಿಯ ಬಾಯಿಂದ 'ರೀ' ಅನ್ನುವುದು ಹಾರಿಹೋಯಿತು. "ಗೊತ್ತಿದ್ದೂ ನನ್ನ ಗಂಡಗ ಇಳಿ ಅಂತೀಯಲ್ಲೋ ಭಾಡ್ಯಾ!"

"ಏ ರಂಡೆ, ನಾಲಿಗಿ ಕೀಳ್ತೀನಿ!"

ಕಿತ್ತವಳು ಅವಳೇ. ಮೋಟರ್ ಕೋಣೆಗೆ ನುಗ್ಗಿ, ದೊಡ್ಡ ಸ್ವಿಚ್ಚಿನ ಹಿಡಿ ಕೆಳಗೆಳೆದು, ಫ್ಯೂಜ್ ಅಷ್ಟನ್ನೂ ಕಿತ್ತು ಉಡಿಯಲ್ಲಿ ಕಟ್ಟಿಕೊಂಡಳು. ಮೋಟರಿನ ಸದ್ದು ನಿಂತಿತು. ಒಳಗಿನ ಫ್ಯಾನು, ಏಸಿ ಎಲ್ಲ ನಿಂತವು.

ಗೇಟಿನಲ್ಲಿ ಕಾರುಗಳು ಹಾರ್ನ್ ಹೊಡೆದವು. ಸಾವಕಾರ ಹಲ್ಲು ಕಿರಿಯುತ್ತ ಆ ಕಡೆ ಓಡಿದ. ದ್ರೌಪತಿ ಸೀರೆ ಎತ್ತಿ ಕಟ್ಟಿ, ಮೆಟ್ಟಿಲಿಳಿದು, ಸೊಂಟಮಟ ನೀರಲ್ಲಿ ನಿಂತಳು.

"ಮಯೂರಿ ಅಪ್ಪಾ, ಬಾ. ಈಗ ಹಿಡಿಯಂಗಿಲ್ಲ."

ಲಾಲಪ್ಪ ಅಳುಕುತ್ತಲೇ ಇಳಿದ. ಮನೆಯಲ್ಲಿ ಬಿಟ್ಟುಬಂದ ಮಗಳು ಮಯೂರಿಯೂ ಜೊತೆಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು ದ್ರೌಪತಿಗೆ.

ಬೀಗತಿ ಶಕುಂತಲಾಬಾಯಿ ಕೊಳ ಕಂಡದ್ದೇ ಖುಷಿಯಾಗಿ ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಕಾಲಿಟ್ಟಿದ್ದಳು.

"ಬರ್ರಿ ಅಕ್ಕೋರ, ಇಳೀರಿ!" ದ್ರೌಪತಿ ಎಲ್ಲರಿಗೂ ಕೇಳುವಂತೆ ಕೂಗಿದಳು. "ನಾವು ಘಾಟಬೋರಾಳದ ಹೊಲಗೇರಿಯವರು. ದಿನಾ ನಾವು ಇಳದ ನೀರಽ ಇದು. ಇವತ್ತ ಔಷಧ ಹಾಕಿಲ್ಲ, ಅಷ್ಟಽ."

ಬೀಗತಿ ಹಸಿ ಕಾಲನ್ನು ಸೆರಗಿನಿಂದ ಒರೆಸಿಕೊಳ್ಳತೊಡಗಿದಳು. ಕಾಲು ಒಣಗಿದರೂ ಒರೆಸುವುದನ್ನು ಬಿಡಲಿಲ್ಲ.