ತೆರೆಯ ಮೇಲೆ ತೆರೆದ ಬಾಯಿ

ಅನಿಲಕುಮಾರನಿಗೆ ಕರೆಂಟಿಗೆ ಅಂಜಿಕೆ ಇರಲಿಲ್ಲ, ಕಂಬ ಹತ್ತಲಿಕ್ಕೂ ಅಂಜಿಕೆ ಇರಲಿಲ್ಲ. ನವನಗರದ ಕೇಬಲ್ ವಾಹಿನಿಗೆ ಸೇರಿದಾಗಿನಿಂದ ಅವನನ್ನು ಬೆವರಿಸಿದ್ದು ಬಾಗಲಕೋಟೆಯ ಬೇಸಿಗೆ ಒಂದೇ. ಆದರೆ ದೀಪಾವಳಿ ಪಾಡ್ಯದ ಬೆಳಿಗ್ಗೆ, ಏಸಿ ಗುಂಯ್‌ಗುಡುತ್ತಿದ್ದ ಕೋಣೆಯಲ್ಲಿ, ಒಂದು ಹಸಿರು ಕಾರ್ಡು ಹಿಡಿದು ನಿಂತವನ ಬೆನ್ನಗುಂಟ ಮಲಪ್ರಭೆಯೇ ಹರಿಯುತ್ತಿತ್ತು.

ಎದುರಿಗಿದ್ದದ್ದು ಆಳೆತ್ತರದ ಕಬ್ಬಿಣದ ರ್‍ಯಾಕ್. ಅದರ ನಡುವಿಗೆ ಹೊಸ ಪೆಟ್ಟಿಗೆ ಬಿಗಿದಾಗಿತ್ತು. ಪೆಟ್ಟಿಗೆಯ ತುಂಬ ಗೂಡುಗಳು. ಒಂದೊಂದು ಗೂಡಿಗೆ ಒಂದೊಂದು ಕಾರ್ಡು, ಸಾಲಿ ಮಕ್ಕಳ ಹಾಗೆ ಸಾಲಾಗಿ ಕೂರಬೇಕು. ಒಂದು ಕಾರ್ಡು ಬಂದ ಚಿತ್ರವನ್ನು ನಾಲ್ಕು ಪ್ರತಿ ಮಾಡಿ ಹಂಚುತ್ತದೆ. ಇನ್ನೊಂದು, ಹೊರಗಿನಿಂದ ಏದುಸಿರು ಬಿಡುತ್ತ ಓಡಿ ಬಂದ ಚಿತ್ರವನ್ನು ವಾಹಿನಿಯ ತಾಳಕ್ಕೆ ಹೊಂದಿಸಿ ಮುಂದೆ ಕಳಿಸುತ್ತದೆ. ಮತ್ತೊಂದು, ಮೂಲೆಯಲ್ಲಿ ವಾಹಿನಿಯ ಮುದ್ರೆ ಒತ್ತುತ್ತದೆ. ಪೆಟ್ಟಿಗೆಯ ಬೆನ್ನಿಗೆ ತಂತಿಗಳ ಜಡೆ. ಮುಂದಿನ ಬಾಗಿಲಿಗೆ ಫ್ಯಾನುಗಳು. ಯಾವ ನಟನಿಗೂ ಇಷ್ಟು ಗದ್ದಲ ಹಾಕುವ ಫ್ಯಾನುಗಳಿರಲಿಕ್ಕಿಲ್ಲ.

"ಕೂಡ್ಸು ಕೂಡ್ಸು, ಏನ್ ಕೂಸಿನ್ನ ಹಿಡದಂಗ ಹಿಡದೀ," ಅಂದ ವಾಹಿನಿಯ ಮಾಲೀಕ ಮಹಾಂತೇಶ. "ಇಂಥಾವು ಎಷ್ಟು ಕೂಡ್ಸೇನಿ ಅಂದಿದ್ದೆಲ್ಲಲೇ?"

"ಅಂದಿದ್ನಿರಿ ಸರ್ರ."

ಅಂದದ್ದು ಖರೆ. ಕೂಡಿಸಿದ್ದು ಮಾತ್ರ ಸುಳ್ಳು. ಇಲ್ಲಿಯವರೆಗೆ ಅನಿಲ ಕೂಡಿಸಿದ್ದು ಮನೆಮನೆಯ ಟಿವಿ ಡಬ್ಬಿಗಳನ್ನು. ಈ ಪೆಟ್ಟಿಗೆಯ ಬಗ್ಗೆ ಅವನು ಕಂಡದ್ದು ಮೊಬೈಲಿನ ವಿಡಿಯೊ; ಅದರಲ್ಲಿ ಒಬ್ಬ ಬಿಳಿಯ ಮನುಷ್ಯ ನಗುನಗುತ್ತಾ ಕಾರ್ಡು ಒತ್ತುತ್ತಿದ್ದ. ಆ ಮನುಷ್ಯನಿಗೆ ಬೀರಪ್ಪ ಗೊತ್ತಿರಲಿಲ್ಲ, ಅದಕ್ಕೇ ನಗು ಬರುತ್ತಿತ್ತು.

ಅನಿಲನಿಗೆ ಬೀರಪ್ಪ ಗೊತ್ತಿದ್ದ. ಅವನ ಸೋದರಮಾವ ಮುದಕಪ್ಪ ಚೊಳಚಗುಡ್ಡದ ಅಂಚಿನ ಬೀರಪ್ಪನ ಗುಡಿಯ ಪೂಜಾರಿ. ಪಾಡ್ಯದ ದಿನ ಹೊತ್ತು ಇಳಿಯುವಾಗ ಮುದಕಪ್ಪ ಕಂಬಳಿ ಹೊದ್ದು ಕಟ್ಟೆ ಹತ್ತುತ್ತಾನೆ. ಡೊಳ್ಳು ನಿಲ್ಲುತ್ತದೆ. ನೆರೆದ ಮಂದಿಯ ಬಾಯಿ ಮುಚ್ಚುತ್ತದೆ. ಆಮೇಲೆ ದೇವರ ಹೇಳಿಕೆ ಒಂದೇ ಸಾಲಿನಲ್ಲಿ, ಒಂದೇ ಸಲ ಬರುತ್ತದೆ. ಮಳೆ, ಬೆಳೆ, ರೋಗ, ರಾಜಕೀಯ ಎಲ್ಲ ಅದರಲ್ಲೇ. ಮುದಕಪ್ಪ ಅದನ್ನು ಎರಡನೇ ಸಲ ಹೇಳುವುದಿಲ್ಲ. ಕೇಳಿದ ಮಂದಿ ತಮ್ಮ ತಮ್ಮ ಊರಿಗೆ ಬಾಯಿಂದ ಬಾಯಿಗೆ ಒಯ್ಯಬೇಕು. ಹೇಳಿಕೆ ಮುಗಿಯುವ ತನಕ ಯಾರೂ ಪಿಟಕ್ಕೆನ್ನಬಾರದು. ಪಿಟಕ್ಕೆಂದರೆ ಮಾತು ಮುರಿಯುತ್ತದೆ, ಮುರಿದವನ ಮನೆಗೆ ಕೇಡು.

ಅದನ್ನು ಈ ವರ್ಷ ನೇರ ಪ್ರಸಾರ ಮಾಡೋಣ ಎಂದು ಮಾವನ ಬೆನ್ನು ಬಿದ್ದವನು ಅನಿಲನೇ. ಮುದಕಪ್ಪ ಕುರಿಗಳ ಕಡೆ ನೋಡುತ್ತಲೇ ಕೇಳಿಸಿಕೊಂಡಿದ್ದ.

"ಮಂದಿ ಮನ್ಯಾಗ ಕುಂತ ಕೇಳತಾರ?"

"ಹೌದು ಮಾಮಾ. ಇಳಕಲ್ಲಾಗ, ಹುನಗುಂದದಾಗ, ಬಾದಾಮ್ಯಾಗ. ಮುದುಕರು, ಬಾಣಂತ್ಯಾರು, ಗುಡಿಗೆ ಬರಾಕ ಆಗದವರೆಲ್ಲಾ ಕೇಳತಾರ."

"ನಿನ್ನ ಡಬ್ಬಿ ನಡಬರಕ ಮಾತು ಮುರದ್ರ?"

"ಮುರಿಯೂದಿಲ್ಲ ಮಾಮಾ."

"ಮುರದ್ರ," ಅಂದ ಮುದಕಪ್ಪ, ದನಿ ಏರಿಸದೆ, "ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ. ತಂಗಿ ಮಗ ಅಂತ ನೋಡೂದಿಲ್ಲ."

ಅಪ್ಪ ಹೋದ ಮೇಲೆ ಅನಿಲ ಬೆಳೆದದ್ದೇ ಆ ಹೊಸ್ತಿಲೊಳಗೆ. ಅತ್ತೆ ಸಾವಿತ್ರೆವ್ವನ ಕೈಯ ರೊಟ್ಟಿ ತಿಂದೇ ಅವನಿಗೆ ಮೀಸೆ ಬಂದದ್ದು. ಪ್ರಸಾರ ಕೆಟ್ಟರೆ ಪ್ರಸಾದಕ್ಕೆ ಕುತ್ತು. ಹಾಗಾಗಿ ಆ ಹಸಿರು ಕಾರ್ಡು ಅವನ ಕೈಯಲ್ಲಿ ಹೆಡೆಯೆತ್ತಿದ ಹಾವಿನಂತಿತ್ತು.

ಕಾರ್ಡು ಒಳಗೆ ಸರಿಯಿತು. ವಿಡಿಯೊದಲ್ಲಿ ಆ ಮನುಷ್ಯ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ್ದ. ಹಿಂದೆ ತಂತಿ ಸಿಕ್ಕಿಸುವಾಗಲೂ ಒತ್ತಿ, ತಿರುವಿ, ಟಕ್ ಅನ್ನಿಸಿದ್ದ. ಅನಿಲ ಒತ್ತಿದ. ಗಟ್ಟಿಯಾಗಿ ಒತ್ತಲು ಹೋದಾಗ ಮಾವನ ಮುಖ ನೆನಪಾಯಿತು. ಮುರಿದೀತು! ಬೆರಳು ತಾನೇ ಹಿಂದೆ ಸರಿಯಿತು. ಹಂಚುವ ಕಾರ್ಡಿನಿಂದ ತಾಳ ಹೊಂದಿಸುವ ಕಾರ್ಡಿಗೆ ಹೋಗುವ ಮೊಳದುದ್ದದ ತಂತಿಯನ್ನೂ ಹಾಗೇ, ಎಳೆಗೂಸಿನ ಕಿವಿ ಹಿಂಡುವಷ್ಟೇ ನಾಜೂಕಾಗಿ ತಿರುವಿದ. ಟಕ್ ಅಂದಿತೋ ಇಲ್ಲವೋ, ಫ್ಯಾನಿನ ಗದ್ದಲದಲ್ಲಿ ಕೇಳಲಿಲ್ಲ.

ದೀಪಗಳು ಕೆಂಪಾದವು. ಅನಿಲ ಬಿಳಿಚಿದ. ದೀಪಗಳು ಒಂದೊಂದಾಗಿ ಹಸಿರಾದವು. ಅನಿಲ ಬಿಳಿಚಿಕೊಂಡೇ ಇದ್ದ.

ಕಂಪ್ಯೂಟರಿನ ಪರದೆ ಕೊನೆಯದೊಂದು ಪ್ರಶ್ನೆ ಕೇಳಿತು. ಒಳಬರುವ ಚಿತ್ರ ನಡುವೆ ತಪ್ಪಿದರೆ ಏನು ತೋರಿಸಲಿ? ಕಪ್ಪು ಪರದೆಯೋ, ಕೊನೆಯ ಚಿತ್ರವನ್ನೇ ಹಿಡಿದು ನಿಲ್ಲಿಸಲೋ?

"ಹಬ್ಬದ ದಿನಾ ಕರೀ ಪರದೆ?" ಮಹಾಂತೇಶ ಎದೆ ಮುಟ್ಟಿಕೊಂಡ. "ಅಪಶಕುನಾ! ಚಿತ್ರ ಹಿಡದ ನಿಲ್ಲಸೂದ ಹಾಕು. ಗಳಿಗಿ ಹೊತ್ತು ನಿಂತ್ರ ಯಾರಿಗೂ ತಿಳಿಯೂದಿಲ್ಲ."

ಅನಿಲ ಅದನ್ನೇ ಹಾಕಿದ.

ಹೊತ್ತು ಇಳಿಯಿತು. ಗುಡಿಯಲ್ಲಿ ಕ್ಯಾಮರಾ ಹಿಡಿದ ಆರಿಫಾ ಫೋನಿನಲ್ಲಿ ಪಿಸುಗುಟ್ಟಿದಳು: "ಅನಿಲಣ್ಣಾ, ನಿಮ್ಮ ಮಾಮಾ ಕಟ್ಟಿ ಏರಾಕತ್ತಾರ. ನಾ ಇನ್ನ ಮಾತಾಡೂದಿಲ್ಲ. ಮಾತಾಡಿದ್ರ ಈ ಮಂದಿ ನನ್ನ ಭಂಡಾರದಾಗ ಹುಗೀತಾರ."

ಅನಿಲ ಕೋಣೆಯಲ್ಲಿ ಒಬ್ಬನೇ. ಎದುರಿಗಿನ ಸಣ್ಣ ಮಾನಿಟರಿನಲ್ಲಿ ಮಾವ ಕಂಡ. ಹಣೆ ತುಂಬ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ, ಕಣ್ಣು ಎಲ್ಲೋ ಮೇಲೆ. ಡೊಳ್ಳು ನಿಂತಿತು. ಬಲಗೈ ಎತ್ತಿ ಮುದಕಪ್ಪ ಬಾಯಿ ತೆರೆದ. ಅನಿಲನ ಉಸಿರು ನಿಂತಿತು.

"ಬಿತ್ತಿದ್ದು ಕೈ ಬಿಡೂದಿಲ್ಲ, ಬಿಟ್ಟದ್ದು ಕೈಗೆ ಹತ್ತೂದಿಲ್ಲ, ಎಚ್ಚರಾ!"

ಮಂದಿ ಒಮ್ಮೆಲೇ ಕೂಗಿದರು. ಭಂಡಾರ ಹಾರಿತು. ಮುದಕಪ್ಪನನ್ನು ಹಿಡಿದು ಕೂರಿಸಿದರು, ನೀರು ಕೊಟ್ಟರು. ಅನಿಲ ಫೋನಿನ ಕಡೆ ನೋಡಿದ. ಧಾರಾವಾಹಿ ಅರೆಗಳಿಗೆ ನಿಂತರೂ ಹೊಡೆದುಕೊಳ್ಳುವ ಫೋನು ಈಗ ತೆಪ್ಪಗಿತ್ತು. ಒಂದೂ ದೂರು ಇಲ್ಲ! ಅವನು ನೆಲದ ಮೇಲೆ ಕುಸಿದು ಕೂತು, ಬೆಳಿಗ್ಗೆಯಿಂದ ಒಳಗಿಟ್ಟುಕೊಂಡಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟ.

ಆಗ ಫೋನು ಬಂತು. ಹುನಗುಂದದಿಂದ, ಮಗಳ ಬಾಣಂತನಕ್ಕೆ ಹೋಗಿದ್ದ ಸಾವಿತ್ರೆವ್ವ. ದನಿ ಇತ್ತೋ ಇಲ್ಲವೋ ಅನ್ನುವಷ್ಟು ಸಣ್ಣ.

"ತಮ್ಮಾ... ನಿಮ್ಮ ಮಾಮಾಗ ಏನಾಗೇತೋ?"

"ಏನೂ ಆಗಿಲ್ಲತ್ತಿ. ಕುಂತು ನೀರ ಕುಡ್ಯಾಕತ್ತಾನ."

"ಇಲ್ಲೋ! ನಿಂತಾನ. ಬಾಯಿ ತಗದಾಂವ ತಗದಂಗ ಅದಾನ. ಕಣ್ಣ ಪಿಳಕಸವಲ್ಲ. ಮಾತಿಲ್ಲ, ಉಸರಿಲ್ಲ... ಜೀವ ಐತೇನೋ ಅನಿಲಾ?"

ಅನಿಲ ಫೋನು ಕೆಳಗಿಟ್ಟ. ಎದ್ದು ಮುಂದಿನ ಆಫೀಸಿಗೆ ಓಡಿದ. ಮನೆಮನೆಗೆ ಹೋಗುವ ಚಿತ್ರವೇ ಅಲ್ಲಿನ ದೊಡ್ಡ ಟಿವಿಗೂ ಬರುತ್ತದೆ. ಅದರ ಮುಂದೆ ಮಹಾಂತೇಶ ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದ. ಪಕ್ಕದಲ್ಲಿ ನಿರೂಪಕಿ ಸುಧಾರಾಣಿ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ಟಿವಿಯಲ್ಲಿ ಮುದಕಪ್ಪ ಕೈ ಎತ್ತಿ, ಬಾಯಿ ತೆರೆದು ಕಲ್ಲಾಗಿ ನಿಂತಿದ್ದ. ಮಹಾಕೂಟದ ಗುಡಿಗೋಡೆಯ ಮೂರ್ತಿಗಳಾದರೂ ಇದಕ್ಕಿಂತ ಜೀವಂತ.

"ಸರ್ರ..."

"ಶ್ಶ್!" ಅಂದ ಮಹಾಂತೇಶ, ಕಣ್ಣು ತೆರೆಯದೆ. "ಇನ್ನೂ ಹೇಳಿಕಿ ಆಗಿಲ್ಲ."

ಅನಿಲನಿಗೆ ಫೋನು ತೆಪ್ಪಗಿದ್ದ ಗುಟ್ಟು ಆಗ ಹೊಳೆಯಿತು. ಹೇಳಿಕೆ ಮುಗಿಯದೆ ಯಾರೂ ಮಾತಾಡುವಂತಿಲ್ಲ. ಮಾತಾಡದೆ ಫೋನು ಮಾಡುವುದು ಹೇಗೆ? ಇಡೀ ಜಿಲ್ಲೆ ಉಸಿರು ಬಿಗಿಹಿಡಿದು, ಕೆಟ್ಟುಹೋದ ಚಿತ್ರದ ಮುಂದೆ ಭಕ್ತಿಯಿಂದ ಕೂತಿತ್ತು.

ಓಡಿ ಬಂದು ರ್‍ಯಾಕಿನ ಬೆನ್ನಿಗೆ ಬ್ಯಾಟರಿಯ ಬೆಳಕು ಹಿಡಿದ. ಅವನ ಮಾನಿಟರಿಗೆ ಚಿತ್ರ ಬರುತ್ತಿದ್ದದ್ದು ಹಂಚುವ ಕಾರ್ಡಿನಿಂದಲೇ, ಅದಕ್ಕೇ ಅಲ್ಲಿ ಎಲ್ಲ ಸರಿಯಿತ್ತು. ಮುಂದಿನ ಕಾರ್ಡಿಗೆ ಹೋಗುವ ಆ ಮೊಳದುದ್ದದ ತಂತಿ ಮಾತ್ರ ಫ್ಯಾನಿನ ನಡುಕಕ್ಕೆ ಜಾರಿ, ಕತ್ತು ವಾಲಿಸಿಕೊಂಡು ನಿಂತಿತ್ತು. ಮುರಿದೀತೆಂದು ಅಂಜಿ ಅಂಜಿ ಒತ್ತಿದ್ದಕ್ಕೇ ಮುರಿಯಬಾರದ್ದು ಮುರಿದಿತ್ತು. ಅನಿಲ ಒತ್ತಿದ, ತಿರುವಿದ. ಟಕ್.

ತೆರೆಯ ಮೇಲೆ ದೇವರು ಸರಕ್ಕನೆ ಮಾಯವಾಗಿ, ಮುದಕಪ್ಪ ಬಸಿಯಲ್ಲಿ ಚಹಾ ಸುರಕ್ಕನೆ ಹೀರುತ್ತಾ ಪ್ರತ್ಯಕ್ಷನಾದ.

ಫೋನುಗಳು ಒಮ್ಮೆಲೇ ಬಾಯಿ ಬಿಟ್ಟವು. ಅನಿಲ ಮೊದಲನೆಯದನ್ನು ಎತ್ತಿದ.

"ಸಾಹೇಬ್ರ, ನಾ ಇಳಕಲ್ಲಿಂದ ಕಾಳಪ್ಪರಿ. ತಪ್ಪಾತ್ರಿ! ಪಾಪ, ಪೂಜಾರಿ ಬಾಯಿ ತಗದಿದ್ರು, ಅಷ್ಟರಾಗ ನಮ್ಮ ಕುಕ್ಕರ ಸೀಟಿ ಹೊಡೀತ್ರಿ. ದೇವರು ಮಾತ ನುಂಗಿಬಿಟ್ಟ. ಪರಿಹಾರ ಏನ್ರಿ?"

ಅನಿಲ ಫೋನಿಟ್ಟ. ಮುಂದಿನದು ಬಾದಾಮಿಯದು. "ಯಪ್ಪಾ, ನಮ್ಮ ಅತ್ತಿ ಸೀನಿದ್ಲು. ಬ್ಯಾಡ ಅಂದ್ರೂ ಸೀನಿದ್ಲು!" ಹಿಂದಿನಿಂದ ಅತ್ತೆಯ ದನಿ: "ಮೂಗ ನಿಮ್ಮಪ್ಪನ ಮನೀದೇನ?" ಹುನಗುಂದದಲ್ಲಿ ಒಬ್ಬ ಆಕಳಿಸಿದ್ದ. ಚೊಳಚಗುಡ್ಡದ ಹತ್ತಿರದ ಇನ್ನೊಂದು ಊರಲ್ಲಿ ನಾಯಿ ಬೊಗಳಿತ್ತು. ನಾಯಿಯ ಪರವಾಗಿ ಯಜಮಾನ ಕ್ಷಮೆ ಕೇಳಿದ. ಒಬ್ಬರೂ ತಂತಿಯ ಸುದ್ದಿ ಎತ್ತಲಿಲ್ಲ. ಪ್ರತಿ ಮನೆಗೂ ಮಾತು ಮುರಿದವರು ತಮ್ಮ ಮನೆಯಲ್ಲೇ ಸಿಕ್ಕಿದ್ದರು.

ಮಹಾಂತೇಶನ ಮುಖ ಹಬ್ಬದ ಹಣತೆಯಾಯಿತು. "ಲೇ ಅನಿಲ್ಯಾ! ಬೀರಪ್ಪ ನಮ್ಮನ್ನ ಉಳಿಸಿದ್ನಲೇ! ತಪ್ಪೆಲ್ಲಾ ಕುಕ್ಕರಿನ ತಲಿಮ್ಯಾಲ ಹೋತು. ಬಾಯಿ ಮುಚ್ಚಿಕೊಂಡ ಕುಂಡ್ರು."

"ಗುಡಿಯಾಗ ಇದ್ದವರು ಕೇಳ್ಯಾರಲ್ರಿ ಸರ್ರ?" ಅಂದಳು ಸುಧಾರಾಣಿ. "ನಾಳಿ ಅವರು ಸಂತ್ಯಾಗ ಸಿಕ್ಕು ಹೇಳತಾರ."

"ಹೇಳ್ಲಿ. ಗುಡಿಯಾಗಿನವರಿಗೆ ಕೇಳಿಸ್ತು, ಪಾಪ ಮಾಡಿದವರಿಗೆ ಕೇಳಲಿಲ್ಲ. ಅಷ್ಟ! ಇದಕ್ಕಿಂತ ಚೊಲೋ ಕಾರಣ ಬೇಕೇನ್?"

ಅನಿಲನಿಗೂ ಅದು ಚೊಲೋ ಅನ್ನಿಸಿತು. ತುಂಬಾ ಚೊಲೋ. ಮಾವನಿಗೆ ಗೊತ್ತಾಗುವುದಿಲ್ಲ, ಹೊಸ್ತಿಲು ಹೊಸ್ತಿಲಾಗೇ ಇರುತ್ತದೆ. ಬಾಯಿ ಮುಚ್ಚಿದರೆ ಸಾಕು.

ಆಗ ಸಾವಿತ್ರೆವ್ವ ಮತ್ತೆ ಫೋನು ಮಾಡಿದಳು. ಈಗ ಪಿಸುದನಿ ಇರಲಿಲ್ಲ, ಅಳು ಇತ್ತು.

"ನಾ ಮಾತಾಡಿದ್ನಿ ತಮ್ಮಾ. ಹೇಳಿಕಿ ಆಗೂದರಾಗ ನಾ ಬಾಯಿ ಬಿಟ್ನಿ. ಪೂಜಾರಿ ಹೇಂತಿ ಆಗಿ ನಾನ ಮುರದ್ನಿ. ಇಲ್ಲಿ ಬೀಗರೆಲ್ಲಾ ನನ್ನ ಕಡೇನ ನೋಡಾಕತ್ತಾರ. ಕೂಸಿನ್ನ ನನ್ನ ಕೈಯಾಗ ಕೊಡವಲ್ರು."

"ಅತ್ತೀ, ಹಂಗಲ್ಲ..."

"ನಾ ಇನ್ನ ಊರಿಗೆ ಬರೂದಿಲ್ಲ. ನಾ ಹೊಸ್ತಿಲಾ ತುಳದ್ರ ನಿಮ್ಮ ಮಾಮಾಗ ಕೇಡಾದೀತು. ನೀ ಹೋದಾಗ ಅಂವಗ ಹೊತ್ತಿಗೆ ಸರಿಯಾಗಿ ಊಟಕ್ಕ ಹೇಳು. ನೆನಪ ಇರೂದಿಲ್ಲ ಅಂವಗ."

ಫೋನು ಕಟ್ಟಾಯಿತು. ಹೊಸ್ತಿಲ ಒಳಗೆ ತಾನು, ಹೊರಗೆ ಅತ್ತೆ. ಆ ಚಿತ್ರ ಅನಿಲನಿಗೆ ಕಟ್ಟೆ ಮೇಲಿನ ಮಾವನಿಗಿಂತ ಭಯಂಕರವಾಗಿ ಕಂಡಿತು.

ಸ್ಟುಡಿಯೊ ಅಂದರೆ ನೀಲಿ ಬಟ್ಟೆಯ ಗೋಡೆ, ಒಂದು ಕುರ್ಚಿ. ಅನಿಲ ಹೋಗಿ ಕೂತ. "ಸುಧಾ, ಕ್ಯಾಮರಾ ಹಚ್ಚು."

"ಅನಿಲಣ್ಣಾ, ಮಾರಿ ನೋಡ್ಕೋ, ಸುಣ್ಣಾ ಬಳದಂಗ ಆಗೇತಿ."

"ಹಚ್ಚವಾ, ನಿನಗ ಕೈ ಮುಗೀತೇನಿ. ಎದ್ದು ಓಡಿ ಹೋಗೂದರೊಳಗ ಹಚ್ಚು."

ಮಹಾಂತೇಶ ಬಾಗಿಲಿಗೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತ್ತು. ಅವನು ಹೊರಗಿನಿಂದ ಕೈ ಬೀಸಿದ, ಬೆರಳು ತೋರಿಸಿದ, ಕತ್ತು ಕೊಯ್ಯುವಂತೆ ಸನ್ನೆ ಮಾಡಿದ. ಅನಿಲ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದ. ಬಾಯಿ ತೆರೆದ, ಮಾತು ಬರಲಿಲ್ಲ. ಈಗಲೂ ಜಿಲ್ಲೆಗೆ ತೆರೆದ ಬಾಯಿಯೇ ಕಾಣುತ್ತಿರಬೇಕು ಅನ್ನಿಸಿತು.

"ನಾ ಅನಿಲಕುಮಾರರಿ. ಇಲ್ಲಿ ಡಬ್ಬಿ ಕೂಡ್ಸಿದಾಂವ. ಬೀರಪ್ಪ ಮಾತಾಡ್ಯಾನ್ರಿ. ಗುಡಿಯಾಗ ಎಲ್ಲಾರೂ ಕೇಳ್ಯಾರ. ನಿಮಗ ಕೇಳಲಿಲ್ಲ, ಯಾಕಂದ್ರ ನಾ ಒಂದು ತಂತಿ ಸರಿ ತಿರುವಿದ್ದಿಲ್ಲ. ಅಂಜಿ ಸಡಲ ಬಿಟ್ಟಿದ್ನಿ. ನಿಮ್ಮ ಕುಕ್ಕರ ಅಲ್ಲ, ನಿಮ್ಮ ಅತ್ತಿ ಸೀನಿದ್ದೂ ಅಲ್ಲ. ಮನ್ಯಾಗ ಯಾರಿಗೂ ಬೈಬ್ಯಾಡ್ರಿ. ಹುನಗುಂದದಾಗ ನಮ್ಮತ್ತಿ ಅದಾಳ, ಅಕಿಗೂ ಏನೂ ಅನಬ್ಯಾಡ್ರಿ. ಮುರದಾಂವ ನಾ. ಹೇಳಿಕಿ ನಾ ಹೇಳೂ ಹಂಗಿಲ್ಲ. ಕೇಳಿದವರು ನಿಮ್ಮೂರಿಗೆ ಬರತಾರ, ಅವರನ್ನ ಕೇಳ್ರಿ."

ಕೆಂಪು ದೀಪ ಆರಿತು. ಮಹಾಂತೇಶ ಏನೇನೋ ಬೈಯುತ್ತಿದ್ದ. ಅನಿಲನಿಗೆ ಕೇಳಿಸಿದ್ದು ಎದೆಯ ಡೊಳ್ಳು ಮಾತ್ರ.

ಮಾವನಿಂದ ಫೋನು ಬರಲಿಲ್ಲ. ಮರುದಿನವೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಅತ್ತೆ ಊರಿಗೆ ಬಂದಳೆಂದು ಆರಿಫಾ ಹೇಳಿದ ಮೇಲೆ, ತಾಳಲಾರದೆ ಅನಿಲ ಬೈಕು ಹತ್ತಿ ಚೊಳಚಗುಡ್ಡಕ್ಕೆ ಹೋದ. ಮನೆ ಎದುರು ಬೈಕು ನಿಲ್ಲಿಸಿದ. ಹೊಸ್ತಿಲಿನಿಂದ ದೂರ, ಬೇವಿನ ಗಿಡದ ಬುಡಕ್ಕೆ ಹೋಗಿ ಮುದುಡಿ ಕೂತ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮುದಕಪ್ಪ ಬಾಗಿಲಿಗೆ ಬಂದ.

"ಯಾಕ ಬಂದೀ?"

"ಒಳಗ ಬರೂದಿಲ್ಲ ಮಾಮಾ. ನೋಡಿ ಹೋಗ್ತೇನಿ."

"ಆಡಿದ ಮಾತು ನಾ ಹಿಂದ ತಗೊಳ್ಳೂದಿಲ್ಲ."

"ಗೊತ್ತೈತಿ ಮಾಮಾ."

ಮುದಕಪ್ಪ ಒಳಗೆ ಹೋದ. ಅನಿಲ ಎದ್ದು ಬೈಕಿನ ಕೀಲಿ ಹುಡುಕಿದ, ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಮುದಕಪ್ಪ ಮತ್ತೆ ಹೊರಗೆ ಬಂದ. ಒಂದು ಕೈಯಲ್ಲಿ ರೊಟ್ಟಿಯ ಬುಟ್ಟಿ, ಇನ್ನೊಂದರಲ್ಲಿ ಪುಂಡಿಪಲ್ಲೆಯ ತಾಟು. ಹಿಂದೆ ಸಾವಿತ್ರೆವ್ವ ನೀರಿನ ತಂಬಿಗೆ ಹಿಡಿದು, ಸೆರಗಿನಲ್ಲಿ ಮೂಗು ಒರೆಸುತ್ತಾ ಬಂದಳು. ಇಬ್ಬರೂ ಬೇವಿನ ನೆರಳಿಗೆ ಬಂದು ನೆಲದ ಮೇಲೆ ಕೂತರು.

"ಕುಂಡ್ರು," ಅಂದ ಮುದಕಪ್ಪ, ರೊಟ್ಟಿ ಮುರಿಯುತ್ತಾ. "ನೀ ದಾಟಬ್ಯಾಡ ಅಂದೇನಿ. ನಾ ದಾಟಬಾರದು ಅಂತ ಎಲ್ಲಿ ಅಂದೇನಿ?"

ಅನಿಲ ಕೂತ. ತುತ್ತನ್ನು ತುದಿಬೆರಳಲ್ಲಿ ನಾಜೂಕಾಗಿ ಹಿಡಿದು ಬಾಯಿಗೆ ಒಯ್ಯುವಷ್ಟರಲ್ಲಿ ಅರ್ಧ ಪಲ್ಲೆ ಅಂಗಿಯ ಮೇಲೆ ಬಿತ್ತು.

"ಗಟ್ಟ್ಯಾಗಿ ಹಿಡಿಯೋ ಖೋಡಿ," ಅಂದಳು ಸಾವಿತ್ರೆವ್ವ, ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾ. "ಮುರದ್ರ ಮುರೀತು. ರೊಟ್ಟಿ ಅದು."